ಗಾಜಿನ ಗೋಪುರಕ್ಕೆ ಗಣಿಯ ಪಾಠ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮೂಲಕ ರಾಜಧಾನಿಗೆ ಸಾಗುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಕೋಲಾರ ಚಿನ್ನದ ಗಣಿ ಪ್ರದೇಶದ ಸಾವಿರಾರು ಕುಟುಂಬಗಳಿಗೆ ಈ ರೈಲೇ ಅನ್ನದ ದಾರಿಯಾಯಿತು. ತಂದೆ ನೆಲದಡಿಗೆ ಇಳಿದು ದುಡಿದ ಮನೆಯ ಮಗ ಇಂದು ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕಾವಲುಗಾರ, ಮಗಳು ಅದೇ ಕಟ್ಟಡದ ಹತ್ತನೆಯ ಮಹಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತವಳು. ಒಂದು ತಲೆಮಾರಿನಲ್ಲಿ ಕೆಲಸದ ಜಾಗ ಪಾತಾಳದಿಂದ ಆಕಾಶಕ್ಕೆ ಏರಿದೆ.

ಆಳದ ಗಣಿಗೂ ಎತ್ತರದ ಗಾಜಿನ ಗೋಪುರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಮೊದಲು ಕಚೇರಿಗಳಿಗೆ ಮಾತ್ರ ಇದ್ದ ಗಾಜಿನ ಹೊರಮೈ ಈಗ ವಾಸದ ಮನೆಗಳಿಗೂ ಬಂದಿದೆ. ಬೆಂಗಳೂರಿನಲ್ಲಷ್ಟೇ ಅಲ್ಲ, ನಮ್ಮ ಕರಾವಳಿಯ ನಗರಗಳಲ್ಲೂ ಹೆಂಚಿನ ಮನೆಗಳು ಉರುಳಿದ ಜಾಗದಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಏಳುತ್ತಿವೆ. ಇಂತಹ ಮನೆ ಮನುಷ್ಯ ವಾಸಕ್ಕೆ ಎಷ್ಟು ಯೋಗ್ಯ ಎಂಬುದನ್ನು ಅಳೆಯಲು ಗಣಿಯ ಅನುಭವ ನಮಗೆ ಒಂದು ಒಳ್ಳೆಯ ಅಳತೆಗೋಲು.

ನಾಲ್ಕು ಆಧಾರಗಳು

ಗಣಿಯೊಳಗೆ ಮನುಷ್ಯ ಬದುಕಿರಲು ನಾಲ್ಕು ವ್ಯವಸ್ಥೆಗಳು ಬೇಕಿದ್ದವು: ಇಳಿಯಲು ಏರಲು ಪಂಜರದಂತಹ ಲಿಫ್ಟ್, ಉಸಿರಾಡಲು ಮೇಲಿನಿಂದ ಕಳುಹಿಸುವ ಗಾಳಿ, ನೀರನ್ನು ಸಾಗಿಸುವ ಪಂಪು, ಇವೆಲ್ಲವನ್ನೂ ನಡೆಸುವ ವಿದ್ಯುತ್ತು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ 1902ರಲ್ಲಿ ಹರಿದು ಬಂದದ್ದು ಈ ಗಣಿಗಳಿಗಾಗಿಯೇ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಆ ಮೇಲೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದಾಗ ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತು. ಯಂತ್ರದಿಂದ ತಂಪು ಮಾಡಿದ ಗಾಳಿ ಇಲ್ಲದೆ ಅಲ್ಲಿ ಕೆಲಸ ಸಾಧ್ಯವಿರಲಿಲ್ಲ.

ಈಗ ಇಪ್ಪತ್ತನೆಯ ಮಹಡಿಯ ಗಾಜಿನ ಮನೆಯನ್ನು ನೋಡೋಣ. ಅಲ್ಲಿಗೆ ಏರಲು ಲಿಫ್ಟ್ ಬೇಕು. ಕಿಟಕಿ ತೆರೆಯದಿದ್ದರೆ ತಂಪು ಗಾಳಿಗೆ ಏ.ಸಿ. ಬೇಕು. ಕುಡಿಯುವ ನೀರಿಗೂ ಶೌಚಾಲಯಕ್ಕೂ ಪಂಪು ಬೇಕು. ಈ ಮೂರಕ್ಕೂ ವಿದ್ಯುತ್ತು ಬೇಕು. ಅಂದರೆ ಗಣಿಯಲ್ಲಿ ಬೇಕಿದ್ದ ಆ ನಾಲ್ಕೇ ಆಧಾರಗಳು! ವ್ಯತ್ಯಾಸ ಇಷ್ಟೆ: ಗಣಿಯಲ್ಲಿ ಸೆಖೆ ಭೂಮಿಯದು, ಅದನ್ನು ತಪ್ಪಿಸುವಂತಿರಲಿಲ್ಲ. ಗಾಜಿನ ಮನೆಯ ಸೆಖೆಯಲ್ಲಿ ಹೆಚ್ಚಿನ ಪಾಲು ನಾವೇ ದುಡ್ಡು ಕೊಟ್ಟು ತಂದುಕೊಂಡದ್ದು.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಗಣಿ ಅಪಾಯದ ಜಾಗವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಆದುದರಿಂದಲೇ 1952ರ ಗಣಿ ಕಾಯಿದೆ ಮತ್ತು ಅದರಡಿಯ ನಿಯಮಗಳು ಬಂದವು. ಹೊರಬರಲು ಎರಡು ಪ್ರತ್ಯೇಕ ದಾರಿಗಳಿರಬೇಕು, ಜವಾಬ್ದಾರಿ ಹೊತ್ತ ಮ್ಯಾನೇಜರ್ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು, ಸರ್ಕಾರದ ಗಣಿ ಸುರಕ್ಷತಾ ಅಧಿಕಾರಿಗಳು ತಪಾಸಣೆ ಮಾಡಬೇಕು. ಇಷ್ಟಿದ್ದೂ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು ಅನೇಕರು. ಗಣಿಯ ದಿನಗಳನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ. ಆದರೆ ಗೋಪುರವನ್ನು ಯಾರೂ ಅಪಾಯದ ಜಾಗವೆಂದು ನೋಡುವುದಿಲ್ಲ. ಅಲ್ಲಿ ಚಂದದ ಚಿತ್ರವಿರುವ ಬ್ರೋಷರ್ ಇದೆ, ಈಜುಕೊಳವಿದೆ. ಎರಡನೆಯ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದೆಯೇ ಎಂದು ಪ್ರತಿ ವಾರ ನೋಡುವವರು ಯಾರು?

ಬಿಸಿಲನ್ನು ಒಳಗೆ ಕರೆದು ಬಾಗಿಲು ಮುಚ್ಚಿದಂತೆ

ಗಾಜು ಬಿಸಿಲಿನ ಕಿರಣಗಳನ್ನು ಸುಲಭವಾಗಿ ಒಳಗೆ ಬಿಡುತ್ತದೆ. ಆ ಕಿರಣಗಳಿಂದ ಕಾದ ನೆಲ, ಗೋಡೆ, ಮೇಜು ಕುರ್ಚಿಗಳು ಹೊರಸೂಸುವ ಶಾಖವನ್ನು ಅಷ್ಟೇ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿ ದೇಶಗಳಲ್ಲಿ ಈ ಗುಣ ಉಪಕಾರಿ. ನಮ್ಮಲ್ಲಿ, ಅದರಲ್ಲೂ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ, ಅದೇ ಗುಣ ಶಿಕ್ಷೆಯಾಗುತ್ತದೆ. ಸಂಜೆಯ ಸೂರ್ಯ ಕೆಳಗಿರುವುದರಿಂದ ಮೇಲಿನ ಸಜ್ಜಾ ಕೂಡ ನೆರಳು ಕೊಡಲಾರದು. ಶಾಖ ತಡೆಯುವ ವಿಶೇಷ ಗಾಜುಗಳು ಇವೆ, ನಿಜ. ಅವು ಸೆಖೆಯನ್ನು ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ. ತೆರೆಯದ ಗಾಜು ಎಷ್ಟು ದುಬಾರಿಯಾದರೂ ಗಾಳಿಯನ್ನು ಒಳಗೆ ಬಿಡಲಾರದು.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವೇನಲ್ಲ. ವಾಣಿಜ್ಯ ಕಟ್ಟಡಗಳ ಇಂಧನ ಉಳಿತಾಯಕ್ಕಾಗಿ ರೂಪಿಸಿದ ಸಂಹಿತೆಯ 2017ರ ಆವೃತ್ತಿ, ಹೊರಗೋಡೆಯಲ್ಲಿ ಕಿಟಕಿ ಗಾಜಿನ ಪಾಲು ಸಾಮಾನ್ಯವಾಗಿ ಶೇಕಡ 40 ಮೀರಬಾರದು ಎನ್ನುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಬಂತು. ಅದರಲ್ಲಿ ಒಂದು ಸರಳವಾದ ಲೆಕ್ಕವಿದೆ. ತೆರೆಯಲು ಬರುವ ಕಿಟಕಿ ಬಾಗಿಲುಗಳ ವಿಸ್ತೀರ್ಣ, ಬೆಂಗಳೂರಿನಂತಹ ಹಿತವಾದ ಹವೆಯಲ್ಲಿ ಮನೆಯ ಕಾರ್ಪೆಟ್ ಏರಿಯಾದ ಎಂಟನೆಯ ಒಂದು ಭಾಗವಾದರೂ ಇರಬೇಕು. ನಮ್ಮ ಕರಾವಳಿಯಂತಹ ಸೆಖೆ ಮತ್ತು ತೇವದ ಹವೆಯಲ್ಲಿ ಆರನೆಯ ಒಂದು ಭಾಗ. 1000 ಚದರಡಿಯ ಮನೆಗೆ ಬೆಂಗಳೂರಿನಲ್ಲಿ 125 ಚದರಡಿ, ಮಂಗಳೂರಿನಲ್ಲಿ ಸುಮಾರು 167 ಚದರಡಿ. ಎರಡು ಪಲ್ಲೆಯ ಜಾರು ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ ಎಂಬುದನ್ನು ಮರೆಯಬಾರದು. ಟೇಪು ಹಿಡಿದು ಅಳೆದರೆ ಎಷ್ಟು ಫ್ಲ್ಯಾಟುಗಳು ಪಾಸಾದಾವು?

ನಮ್ಮ ಹಿರಿಯರು ಸಂಹಿತೆ ಓದಿರಲಿಲ್ಲ. ಆದರೆ ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಎತ್ತರದ ಮಾಡು, ಮುಂದಕ್ಕೆ ಚಾಚಿದ ಇಳಿಮಾಡು ಅವರಿಗೆ ಗೊತ್ತಿತ್ತು. ಆ ಇಳಿಮಾಡಿನಿಂದಾಗಿ ಜಡಿಮಳೆಯಲ್ಲೂ ಕಿಟಕಿ ತೆರೆದಿಡಬಹುದಿತ್ತು. ಗಾಜಿನ ಗೋಡೆಗೆ ಇಳಿಮಾಡಿಲ್ಲ. ಆಷಾಢದ ಮಳೆ ಬಂದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಬೆವರಬೇಕು.

ಹೊಗೆ ಕೇಳದು, ಕಾಯದು

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದು ಕಚೇರಿಗಳಿದ್ದ ಏಳು ಮಹಡಿಯ ಕಟ್ಟಡ, ಹೊರಮೈಗೆ ಗಾಜು. ಅಲ್ಲಿ ಜನರನ್ನು ಹೆದರಿಸಿದ್ದು ಬೆಂಕಿಗಿಂತ ಹೊಗೆ. ಉಸಿರಿಗಾಗಿ ಒಳಗಿದ್ದವರು ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. 9 ಮಂದಿ ತೀರಿಕೊಂಡರು. ಏಳು ಮಹಡಿಯಲ್ಲೇ ಇಷ್ಟಾಯಿತು.

2017ರ ಜೂನ್ 14ರಂದು ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅದು ಗಾಜಿನ ಕಟ್ಟಡವಲ್ಲ. ಹಳೆಯ ಕಟ್ಟಡಕ್ಕೆ ಹೊಸದಾಗಿ ತೊಡಿಸಿದ ಹೊರಹೊದಿಕೆಯೇ ಬೆಂಕಿಯನ್ನು ಮೇಲಕ್ಕೆ ಒಯ್ದಿತು. ಅಷ್ಟೊಂದು ಜನರಿಗೆ ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ಎರಡು ಊರುಗಳ ದುರಂತಗಳು ಒಂದೇ ಮಾತನ್ನು ಹೇಳುತ್ತವೆ: ಕಟ್ಟಡದ ಹೊರಮೈ ಬರೀ ಅಲಂಕಾರವಲ್ಲ, ಒಳಗಿನವರ ಉಸಿರು ಅದರ ಮೇಲೆ ನಿಂತಿರುತ್ತದೆ. ನಮ್ಮ ದೇಶದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದ ಕಟ್ಟಡವನ್ನೇ ಬಹುಮಹಡಿ ಎಂದು ಪರಿಗಣಿಸುತ್ತದೆ. 24 ಮೀಟರ್ ಮೀರಿದರೆ ಬೆಂಕಿಯ ಸಮಯದಲ್ಲಿ ಜನ ನಿಲ್ಲಲು ತೆರೆದ ಆಶ್ರಯ ಸ್ಥಳ ಬೇಕೆನ್ನುತ್ತದೆ. ಆ ಸ್ಥಳ ಹಳೆಯ ಸೋಫಾ, ಸೈಕಲ್ಲುಗಳ ಗೋದಾಮಾದರೆ ಸಂಹಿತೆ ಏನು ಮಾಡೀತು?

ಎತ್ತರ ತಪ್ಪಲ್ಲ

ಹಾಗಾದರೆ ಎಲ್ಲರೂ ಹೆಂಚಿನ ಮನೆಗೆ ಮರಳಬೇಕೇ? ಅದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ನಗರದಲ್ಲಿ ಜಾಗ ಕಡಿಮೆ, ಜನ ಹೆಚ್ಚು. ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲಿರುವ ಹಿರಿಯರಿಗೆ ಒಂಟಿ ಮನೆಗಿಂತ ಕಾವಲುಗಾರರಿರುವ ಫ್ಲ್ಯಾಟ್ ಹೆಚ್ಚು ಧೈರ್ಯ ಕೊಡುತ್ತದೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರು ಕೋಲಾರ ಗಣಿಯನ್ನೇ ನೋಡಲಿ. ಅಧಿಕಾರಿಗಳಿಗೆ ಅಗಲವಾದ ವರಾಂಡ, ತೋಟ, ಎತ್ತರದ ಮಾಡಿನ ಬಂಗಲೆಗಳು. ಕಾರ್ಮಿಕರಿಗೆ ಸಾಲು ಸಾಲಾದ ಇಕ್ಕಟ್ಟಿನ ಲೈನು ಮನೆಗಳು. ಗಾಳಿ ಬೆಳಕಿನ ವಿದ್ಯೆ ಆ ಕಂಪೆನಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅದನ್ನು ಯಾರಿಗೆ ಕೊಡಬೇಕೆಂದು ಕಂಪೆನಿಯೇ ತೀರ್ಮಾನಿಸಿತು. ಇಂದು ವಿಚಿತ್ರವೆಂದರೆ, ಅಗಲವಾದ ವರಾಂಡ ಕೊಳ್ಳುವ ಶಕ್ತಿ ಇರುವವರೇ ದುಡ್ಡು ಕೊಟ್ಟು ಗಾಳಿಯಿಲ್ಲದ ಪೆಟ್ಟಿಗೆಯನ್ನು ಕೊಳ್ಳುತ್ತಿದ್ದಾರೆ.

ಎತ್ತರದ ಕಟ್ಟಡವೂ ಹಿತವಾಗಿರಬಹುದು. ಆಳವಾದ ಬಾಲ್ಕನಿ, ಪಶ್ಚಿಮಕ್ಕೆ ಕಡಿಮೆ ಗಾಜು, ಗಾಜಿನ ಹೊರಗೆ ನೆರಳಿನ ಪಟ್ಟಿಗಳು, ಎದುರುಬದುರು ತೆರೆಯುವ ಕಿಟಕಿಗಳು, ಹಗಲು ಬೆಳಕಿರುವ ಮೆಟ್ಟಿಲು. ಇವು ಯಾವುವೂ ಹೊಸ ಶೋಧಗಳಲ್ಲ. ಕೊಳ್ಳುವವರು ಕೇಳುವುದಿಲ್ಲ, ಆದುದರಿಂದ ಕಟ್ಟುವವರು ಕೊಡುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಮುಂಗಡ ಕೊಡುವ ಮೊದಲು ಕುಟುಂಬಗಳು ಕೆಲವು ಪ್ರಶ್ನೆಗಳನ್ನು ಕೇಳಲಿ. ಒಂದು, ಕರೆಂಟು ಮತ್ತು ಜನರೇಟರ್ ಎರಡೂ ಕೈಕೊಟ್ಟರೆ ಎಪ್ರಿಲ್ ತಿಂಗಳ ಮಧ್ಯಾಹ್ನ ಈ ಮನೆಯಲ್ಲಿ ಕುಳಿತಿರಬಹುದೇ? ಎರಡು, ಮಹಡಿಗೆ ಸುಮಾರು 18ರಿಂದ 20 ಮೆಟ್ಟಿಲು. ಮಂಡಿನೋವಿನ ಅಮ್ಮ ಹತ್ತನೆಯ ಮಹಡಿಯಿಂದ ಇಳಿಯಬಲ್ಲರೇ? ಮೂರು, ಇಳಿಯಲು ಎರಡನೆಯ ಮೆಟ್ಟಿಲು ಎಲ್ಲಿದೆ? ಅದನ್ನು ತೋರಿಸಿ ಎಂದರೆ ಸೇಲ್ಸ್‌ನವರು ಕೂಡಲೇ ತೋರಿಸುತ್ತಾರೆಯೇ? ನಾಲ್ಕು, ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ? ಐದು, ಹೊರಗಿನ ಗಾಜನ್ನು ಒರೆಸುವವರು ಎಲ್ಲಿಗೆ ಹಗ್ಗ ಕಟ್ಟುತ್ತಾರೆ, ಅವರಿಗೆ ವಿಮೆ ಇದೆಯೇ?

ಕೊನೆಯ ಪ್ರಶ್ನೆ ನಮಗೆ ಸಂಬಂಧಿಸಿದ್ದಲ್ಲ ಎಂದು ದಾಟಿಬಿಡಬಾರದು. ರೈಲು ಹತ್ತಿ ಬಂದವರ ದುಡಿಮೆಯ ಮೇಲೆಯೇ ಆ ಗಾಜು ಹೊಳೆಯುವುದು. ಗಣಿಯಲ್ಲಿ ಕಾರ್ಮಿಕ ಸಂಘ ಕೇಳುತ್ತಿತ್ತು, ಗುತ್ತಿಗೆಯ ಕೆಲಸದಲ್ಲಿ ಕೇಳುವವರು ಕಡಿಮೆ.

ನಮ್ಮ ವಾರ್ಡಿನ ಗುರಿಕಾರರು, ರೋಗಿಗಳನ್ನು ಭೇಟಿ ಮಾಡುವ ಸೇವಾದರ್ಶಿಗಳು ಒಂದು ಕೆಲಸ ಮಾಡಬಹುದು. ಫ್ಲ್ಯಾಟುಗಳಲ್ಲಿ ಒಂಟಿಯಾಗಿರುವ ಹಿರಿಯರು ಯಾವ ಮಹಡಿಯಲ್ಲಿದ್ದಾರೆ, ಲಿಫ್ಟ್ ನಿಂತರೆ ಅವರನ್ನು ಯಾರು ಕೆಳಗಿಳಿಸುತ್ತಾರೆ ಎಂಬ ಚಿಕ್ಕ ಪಟ್ಟಿ ಇಟ್ಟುಕೊಳ್ಳಲಿ. ಫ್ಲ್ಯಾಟಿನಲ್ಲಿರುವವರು ಮುಂದಿನ ಅಸೋಸಿಯೇಶನ್ ಸಭೆಯಲ್ಲಿ ಈಜುಕೊಳದ ಟೈಲ್ಸ್ ವಿಷಯ ಬರುವ ಮೊದಲು ಮೆಟ್ಟಿಲಿನ ಬೀಗದ ವಿಷಯ ಎತ್ತಲಿ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಕೋಲಾರ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ಗೋಪುರಗಳು ನಾಳೆ ಆ ಕಡೆಗೂ ಬಂದಾವು. ಬಂದಾಗ ಅಲ್ಲಿನ ಜನರಿಗೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಗಾಳಿ ಎಲ್ಲಿಂದ ಬರುತ್ತದೆ, ಹೊರಬರುವ ಇನ್ನೊಂದು ದಾರಿ ಯಾವುದು ಎಂದು ಒಳಗೆ ಕಾಲಿಡುವ ಮೊದಲೇ ಕೇಳುವುದು ಗಣಿ ಕಾರ್ಮಿಕರ ಮನೆಗಳಿಗೆ ಹಳೆಯ ಅಭ್ಯಾಸ. ಅದನ್ನು ನಾವೂ ಕಲಿತುಕೊಳ್ಳೋಣ.