ಲೈಂಗಿಕ ಹಿಂಸೆಯ ವಿಡಿಯೊಗಳ ನಿಯಂತ್ರಣ ಕೋರಿ ಮನವಿ

ಇವರಿಗೆ: ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು
ಮೂಲಕ: ಜಿಲ್ಲಾಧಿಕಾರಿಗಳು, ವಿಜಯನಗರ ಜಿಲ್ಲೆ, ಹೊಸಪೇಟೆ

ಮಾನ್ಯರೇ,

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನ ಹತ್ತಿರವಿದ್ದಾಗ, ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖ ಮರೆಮಾಡುವ ಗೋಜಿಗೂ ಹಂಚಿದವರು ಹೋಗಲಿಲ್ಲ. ತನಿಖೆಗಾಗಿ ಮುಖ್ಯಮಂತ್ರಿಗಳಿಗೆ ಪತ್ರ ಬರೆದದ್ದು ತಮ್ಮ ಆಯೋಗವೇ. ಎಸ್‌ಐಟಿ ರಚನೆಯಾಯಿತು, 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಹಾಸನದ ಮಾಜಿ ಸಂಸದರಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ‘ನಿಮಗೆ ಬಂತಾ?’ ಎಂದು ಕೇಳಿ ತರಿಸಿಕೊಂಡು ನೋಡಿದವರಿಗೆ ಅದೊಂದು ಅಪರಾಧದ ಸಾಕ್ಷ್ಯ ಅನ್ನಿಸಲೇ ಇಲ್ಲ. ಬೇಡವೆನ್ನುವ ಹೆಂಗಸನ್ನು ಕಂಡೂ ಫಾರ್ವರ್ಡ್ ಒತ್ತುವಷ್ಟು ಮನಸ್ಸು ಹೇಗೆ ಪಳಗಿತು?

ಜನಪ್ರಿಯ ನೀಲಿಚಿತ್ರಗಳ 304 ದೃಶ್ಯಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಶೇ 88ರಷ್ಟರಲ್ಲಿ ಹೊಡೆತ, ಕತ್ತು ಹಿಸುಕುವಿಕೆಯಂಥ ದೈಹಿಕ ಆಕ್ರಮಣವನ್ನು ಕಂಡಿತು. ಪೆಟ್ಟು ತಿಂದವರಲ್ಲಿ ಬಹುಪಾಲು ಹೆಂಗಸರು. ಬಹುತೇಕ ಕಡೆ ಅವರು ಅದನ್ನು ಸಹಿಸುವಂತೆ, ಇಲ್ಲವೇ ಸುಖಿಸುವಂತೆ ತೋರಿಸಲಾಗಿತ್ತು. ನೋಡಿದವರೆಲ್ಲ ಅತ್ಯಾಚಾರಿಗಳಾಗುತ್ತಾರೆಂದು ನಾವು ಹೇಳುತ್ತಿಲ್ಲ, ಅದು ಸಾಬೀತಾದ ಮಾತೂ ಅಲ್ಲ. ನಮ್ಮ ಆತಂಕ ಹಿಂಸೆ ಹಿಂಸೆಯಾಗಿ ಕಾಣದೇ ಹೋಗುವುದರ ಬಗ್ಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿಸಲು ಮುತ್ತು ಕಟ್ಟುವುದನ್ನು ‘ಪದ್ಧತಿ’ ಎಂದು ಕರೆದಷ್ಟು ಕಾಲ ಇಲ್ಲಿ ಅದರೊಳಗಿನ ಶೋಷಣೆ ಯಾರ ಕಣ್ಣಿಗೂ ಬೀಳಲಿಲ್ಲ. 1982ರ ನಿಷೇಧ ಕಾಯ್ದೆ ಬಂದ ಮೇಲೂ ಕಣ್ಣು ತೆರೆಯಲು ವರ್ಷಗಳೇ ಹಿಡಿದವು.

ಎಲ್ಲವನ್ನೂ ನಿಷೇಧಿಸಿದರಾಯಿತು ಎನ್ನುವವರಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 827 ಅಶ್ಲೀಲ ಜಾಲತಾಣಗಳನ್ನು ತಡೆಹಿಡಿಯಿತು. ವಿಪಿಎನ್ ಬಲ್ಲ ಹುಡುಗರಿಗೆ ಅದು ಅಡ್ಡಿಯೇ ಆಗಲಿಲ್ಲ. ವಯಸ್ಕರ ಖಾಸಗಿ ಆಯ್ಕೆಯಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಆಕ್ಷೇಪವೂ ಇದೆ. ಅದನ್ನು ನಾವು ಗೌರವಿಸುತ್ತೇವೆ, ಆದ್ದರಿಂದಲೇ ಸಮ್ಮತಿಯನ್ನು ಅಳತೆಗೋಲಾಗಿಸಿ ಎಂದು ಕೇಳುತ್ತಿದ್ದೇವೆ. ಐಟಿ ಕಾಯ್ದೆಯ 67 ಮತ್ತು 67ಎ ಕಲಂಗಳು ಅಶ್ಲೀಲತೆಯನ್ನು, ಲೈಂಗಿಕ ಕ್ರಿಯೆಯನ್ನು ನೋಡುತ್ತವೆಯೇ ಹೊರತು ಬಲಾತ್ಕಾರಕ್ಕೂ ಒಪ್ಪಿಗೆಗೂ ಭೇದ ಎಣಿಸುವುದಿಲ್ಲ. ಕೋಟ್ಯಂತರ ವಿಡಿಯೊಗಳಲ್ಲಿ ಸಮ್ಮತಿ ಪರಿಶೀಲಿಸುವುದು ಅಸಾಧ್ಯವೆಂಬ ಕಂಪನಿಗಳ ವಾದವೂ ನಿಲ್ಲುವಂಥದ್ದಲ್ಲ: 2020ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ನಿಲ್ಲಿಸಿದಾಗ ಪೋರ್ನ್‌ಹಬ್ ಗುರುತು ದೃಢಪಡದವರು ಹಾಕಿದ್ದ ಲಕ್ಷಾಂತರ ವಿಡಿಯೊಗಳನ್ನು ಕೆಲವೇ ದಿನಗಳಲ್ಲಿ ತೆಗೆದುಹಾಕಿತು.

ಆದಕಾರಣ, ಬಲಾತ್ಕಾರದ ದೃಶ್ಯಗಳ ಪ್ರಸಾರವನ್ನು ಪ್ರತ್ಯೇಕ ಅಪರಾಧವಾಗಿಸಬೇಕು, ವಿಡಿಯೊದಲ್ಲಿರುವವರ ವಯಸ್ಸು ಮತ್ತು ಲಿಖಿತ ಸಮ್ಮತಿಯ ದಾಖಲೆಯಿಲ್ಲದೆ ಅದನ್ನು ಪ್ರಕಟಿಸದಂತೆ ಕಂಪನಿಗಳನ್ನು ಬದ್ಧಗೊಳಿಸಬೇಕು ಎಂದು ಆಯೋಗವು ಕೇಂದ್ರಕ್ಕೆ ಶಿಫಾರಸು ಮಾಡಬೇಕು. ಅದಕ್ಕಿಂತ ತುರ್ತಾದದ್ದು ಹತ್ತಿರದ ಕೆಲಸ. ಖಾಸಗಿ ವಿಡಿಯೊ ತೆಗೆಯಲು ಕಂಪನಿಗಳಿಗೆ 2021ರ ನಿಯಮಗಳು 24 ಗಂಟೆಯ ಗಡುವು ಕೊಟ್ಟವು. ಹಡಗಲಿಯ ಹುಡುಗಿಯೊಬ್ಬಳು ದೂರು ಹಿಡಿದು ಹೊಸಪೇಟೆಗೆ ಅಲೆಯುವಂತಾದರೆ ಆ ಗಡುವು ಶುರುವಾಗುವಷ್ಟರಲ್ಲೇ ವಿಡಿಯೊ ಊರೆಲ್ಲ ಸುತ್ತಿರುತ್ತದೆ. ಐದೂ ತಾಲ್ಲೂಕುಗಳ ಠಾಣೆಗಳಲ್ಲಿ ಮಹಿಳಾ ಸಿಬ್ಬಂದಿಯೇ ದೂರು ಪಡೆದು, ವಿಡಿಯೊವನ್ನು ಠಾಣೆಯವರೆಲ್ಲ ನೋಡದಂತೆ ಸಾಕ್ಷ್ಯವಾಗಿ ಭದ್ರಪಡಿಸಿ, ಅಂದೇ ತೆರವಿಗೆ ಕೋರಿಕೆ ಕಳಿಸುವ ವ್ಯವಸ್ಥೆಯಾಗಬೇಕು. ಫಾರ್ವರ್ಡ್ ಮಾಡಿದವರ ಮೇಲೂ ಪ್ರಕರಣ ದಾಖಲಾಗಬೇಕು, ಹಾಸನದ ಪ್ರಕರಣದಿಂದಲೇ ಮೊದಲ್ಗೊಂಡು.

ಇಂತಿ ತಮ್ಮ ವಿಶ್ವಾಸಿಗಳು,
ಐದು ತಾಲ್ಲೂಕುಗಳ ನಾಗರಿಕರು