ಇನ್ಸುಲಿನ್ ಕೈಚೀಲದಲ್ಲಿರಲಿ, ಸಂಕೋಚ ಬೇಡ



ತೊಬೀತನ ಗ್ರಂಥವನ್ನು ಓದಿದವರಿಗೆ ತೊಬಿಯಾಸನ ಪ್ರಯಾಣ ನೆನಪಿರುತ್ತದೆ. ದೃಷ್ಟಿ ಕಳೆದುಕೊಂಡ ತಂದೆಯ ಹಣ ತರಲು ದೂರದೇಶಕ್ಕೆ ಹೊರಟ ಆ ಯುವಕನ ಜೊತೆ ಮಹಾದೂತ ರಫಾಯೇಲರು ಇದ್ದರು. ಟೈಗ್ರಿಸ್ ನದಿಯಲ್ಲಿ ಸಿಕ್ಕ ಮೀನಿನ ಪಿತ್ತವನ್ನು ಔಷಧಿಗಾಗಿ ತೆಗೆದಿಡಲು ಅವರೇ ಹೇಳಿಕೊಟ್ಟರು. ಮರಳಿ ಬಂದಾಗ ಅದೇ ಪಿತ್ತದಿಂದ ತಂದೆಗೆ ಕಣ್ಣು ಬಂತು. ದೇವದೂತರೇ ಜೊತೆಗಿದ್ದರೂ ಔಷಧಿಯನ್ನು ಜೋಪಾನವಾಗಿ ಒಯ್ಯುವ ಹೊಣೆ ತೊಬಿಯಾಸನದೇ ಆಗಿತ್ತು.

ಗಲ್ಫ್ ದೇಶದಲ್ಲಿ ದುಡಿಯುವ ಗಂಡನ ಬಳಿಗೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ತಾಯಂದಿರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಅದರಲ್ಲೂ ಮಗುವಿಗೆ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ ಇದ್ದರೆ, ಚೀಲ ಕಟ್ಟುವುದರಲ್ಲೇ ಅರ್ಧ ಚಿಕಿತ್ಸೆ ಇದೆ.

ದಾರಿಯ ಬಿಸಿಲು

ವಿಮಾನದ ಒಳಗೆ ತಂಪಿರುತ್ತದೆ. ಇನ್ಸುಲಿನ್ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಮಾಗನೂರಿನಿಂದ ಮಕ್ತಲ್, ಮಹಬೂಬನಗರ, ಜಡ್ಚರ್ಲ ದಾಟಿ ಶಂಷಾಬಾದ್ ವಿಮಾನ ನಿಲ್ದಾಣ ತಲುಪಲು ಮೂರು ನಾಲ್ಕು ತಾಸು ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವ ಸೀಸೆ ಅಥವಾ ಪೆನ್ 30 ಡಿಗ್ರಿಗಿಂತ ಕಡಿಮೆ ಇರುವಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ.

ಐಸ್ ಪ್ಯಾಕ್ ಇಟ್ಟರೆ ಇನ್ಸುಲಿನ್ನಿಗೆ ನೇರವಾಗಿ ತಾಗಿಸಬೇಡಿ, ನಡುವೆ ದಪ್ಪ ಬಟ್ಟೆ ಇರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಉಪಯೋಗಕ್ಕೆ ಬಾರದು. ಐಸ್ ಸಿಗದಿದ್ದರೆ ಸೀಸೆಯನ್ನು ಒಣ ಡಬ್ಬಿಯಲ್ಲಿ ಹಾಕಿ, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಡಿ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಹೀಗೆಯೇ.

ತಪಾಸಣೆಯ ಬಳಿ

ಇನ್ಸುಲಿನ್, ಸೂಜಿ, ರಕ್ತ ನೋಡುವ ಯಂತ್ರ, ಪಟ್ಟಿಗಳು, ಇವಾವುದನ್ನೂ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಾರದು. ಪೆಟ್ಟಿಗೆ ತಡವಾಗಬಹುದು, ಕಳೆಯಬಹುದು, ಕೆಳಗಿನ ಕೋಣೆಯ ಚಳಿಗೆ ಔಷಧಿ ಹೆಪ್ಪುಗಟ್ಟಬಹುದು. ಬೇಕಾದುದಕ್ಕಿಂತ ಎರಡು ಪಟ್ಟು ಒಯ್ಯಿರಿ. ಇಬ್ಬರು ದೊಡ್ಡವರಿದ್ದರೆ ಎರಡು ಕೈಚೀಲಗಳಲ್ಲಿ ಹಂಚಿಕೊಳ್ಳಿ.

ಹೊರಡುವ ಹದಿನೈದು ದಿನ ಮುಂಚೆ ವೈದ್ಯರಿಂದ ಔಷಧಿ ಚೀಟಿಯ ಜೊತೆಗೆ ಒಂದು ಪತ್ರವನ್ನೂ ಬರೆಸಿಕೊಳ್ಳಿ. ಅದರಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಮಕ್ಕಳಿಗೆ ಜ್ಞಾನಸ್ನಾನದ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು. ಚೀಟಿಯಲ್ಲಿ ಮನೆಯ ಹೆಸರಿದ್ದರೆ ತಪಾಸಣೆಯವರಿಗೆ ಸಂಶಯ ಬರುವುದು ಸಹಜ. ಅಂತಾರಾಷ್ಟ್ರೀಯ ವಿಮಾನದಲ್ಲಿ ದ್ರವ ಪದಾರ್ಥಗಳಿಗೆ 100 ಮಿಲಿಲೀಟರಿನ ಮಿತಿ ಇದ್ದರೂ, ಅಗತ್ಯ ಔಷಧಿಗೆ ವಿನಾಯಿತಿ ಇದೆ. ಚೀಲ ಯಂತ್ರಕ್ಕೆ ಹೋಗುವ ಮುಂಚೆಯೇ "ಮಗುವಿನ ಇನ್ಸುಲಿನ್, ಸೂಜಿ ಇದೆ" ಎಂದು ಹೇಳಿ ಪತ್ರ ತೋರಿಸಿ. ಮಗುವಿನ ಮೈಮೇಲೆ ಪಂಪ್ ಅಥವಾ ಸೆನ್ಸರ್ ಇದ್ದರೆ ಕೈಯಿಂದಲೇ ತಪಾಸಣೆ ಮಾಡಲು ಕೇಳಿಕೊಳ್ಳಿ.

ಆಕಾಶದಲ್ಲಿ

ಔಷಧಿ ಚೀಲ ನಿಮ್ಮ ಕಾಲ ಬಳಿ ಇರಲಿ, ತಲೆಯ ಮೇಲಿನ ಗೂಡಿನಲ್ಲಿ ಬೇಡ. ಊಟದ ಮುಂಚಿನ ಇನ್ಸುಲಿನ್ನನ್ನು ತಟ್ಟೆ ಎದುರಿಗೆ ಬಂದ ಮೇಲೆಯೇ ಕೊಡಿ. ಊಟದ ಗಾಡಿ ಅರ್ಧ ದಾರಿಯಲ್ಲಿ ನಿಂತರೆ ಮಗುವಿನ ಸಕ್ಕರೆ ಇಳಿದುಬಿಡುತ್ತದೆ. ಗಾಳಿಯ ಒತ್ತಡ ಬದಲಾಗುವುದರಿಂದ ಪೆನ್ನಿನಲ್ಲಿ ಗುಳ್ಳೆ ಏಳದಂತೆ, ಚುಚ್ಚಿದ ಮೇಲೆ ಸೂಜಿ ತೆಗೆದಿಡಿ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ. ಚಿಕ್ಕ ತಮ್ಮನೋ ತಂಗಿಯೋ ಕೈ ಹಾಕಿಯಾರು.

ರಾತ್ರಿಯ ವಿಮಾನದಲ್ಲಿ ಮಕ್ಕಳೆಲ್ಲ ಮಲಗುತ್ತಾರೆ. ನಿದ್ದೆ ಯಾವುದು, ಸಕ್ಕರೆ ಇಳಿದ ಮಂಪರು ಯಾವುದು ಎಂದು ಕಣ್ಣಿಗೆ ಗೊತ್ತಾಗದು. ಮಲಗಿಸುವ ಮುಂಚೆ ರಕ್ತ ನೋಡಿ. ಬೆವರು, ನಡುಕ, ಕಾರಣವಿಲ್ಲದ ಹಠ ಕಂಡರೂ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದ ಅಳತೆಯ ಗ್ಲೂಕೋಸ್ ಅಥವಾ ಸಕ್ಕರೆ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ವಿಮಾನದ ಸಿಬ್ಬಂದಿಯನ್ನು ಕರೆಯಿರಿ.

ಅಲ್ಲಿ ಇಳಿದ ಮೇಲೆ

ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ, ಕುವೈತ್ ಮತ್ತು ಸೌದಿಯದು ಎರಡೂವರೆ ತಾಸು ಹಿಂದೆ. ಚುಚ್ಚುವ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿ.

ಇನ್ನೊಂದು ಮುಖ್ಯ ವಿಷಯ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳು ಈಗಲೂ ಬಳಕೆಯಲ್ಲಿವೆ. ಅವುಗಳ ಸಿರಿಂಜಿಗೆ ಕೆಂಪು ಮುಚ್ಚಳ. ಹೊರದೇಶಗಳಲ್ಲಿ ಹೆಚ್ಚಾಗಿ ಸಿಗುವುದು 100 ಯೂನಿಟ್ಟಿನದು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಲ್ಲಿನ ಸೀಸೆಯಿಂದ ಇಲ್ಲಿನ ಕೆಂಪು ಮುಚ್ಚಳದ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 25 ಯೂನಿಟ್. ಅಷ್ಟು ಸಾಕು ಪ್ರಾಣಕ್ಕೆ ಅಪಾಯ ತರಲು. ಸೀಸೆಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಪ್ರತಿ ಸಲ ನೋಡಿ.

ಮುಚ್ಚಿಡುವುದೇಕೆ?

ಇಷ್ಟೆಲ್ಲ ತಿಳಿದಿದ್ದರೂ ಕೆಲವು ಮನೆಗಳಲ್ಲಿ ಮಗುವಿನ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಹೆಣ್ಣುಮಗುವಾದರೆ ಇನ್ನೂ ಹೆಚ್ಚು, "ನಾಳೆ ಮದುವೆಗೆ ತೊಡಕಾದೀತು" ಎಂಬ ಭಯ. ಮುಚ್ಚಿಟ್ಟ ಕಾಯಿಲೆಗೆ ವಿಮಾನದಲ್ಲಿ ನೆರವಾಗುವವರು ಯಾರು? 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ಲೋಕವೆಲ್ಲ ಮಧುಮೇಹ ದಿನವೆಂದು ಆಚರಿಸುತ್ತದೆ. ನಮಗೆ ಅದೇ ದಿನ ಮಕ್ಕಳ ದಿನಾಚರಣೆ.

ಆದ್ದರಿಂದ ತಾಯಂದಿರೇ, ವಿಮಾನ ಹತ್ತಿದೊಡನೆ ಗಗನಸಖಿಗೆ ಹೇಳಿ, ಪಕ್ಕದ ಸೀಟಿನವರಿಗೂ ಹೇಳಿ. ಧರ್ಮಕೇಂದ್ರದ ಕುಟುಂಬಗಳೇ, ಅಂಥ ತಾಯಿ ಹೊರಟಾಗ ನಿಲ್ದಾಣದವರೆಗೆ ಜೊತೆಗೆ ಹೋಗಿ, ಚಿಕ್ಕದೊಂದನ್ನು ಎತ್ತಿಕೊಳ್ಳಿ, ಆಕೆಯ ಎರಡೂ ಕೈ ಔಷಧಿ ಚೀಲಕ್ಕೆ ಬಿಡುವಾಗಲಿ. ಪ್ರಯಾಣಿಕರ ಪಾಲಕರಾದ ಸಂತ ರಫಾಯೇಲರು ನಮ್ಮ ಮಕ್ಕಳನ್ನು ಹೋಗುವಾಗಲೂ ಬರುವಾಗಲೂ ಕಾಯಲಿ.