ಲ್ಯಾಬಿನ ಆಚೆ ಕೂತವರು

ಎಚ್‌ಐವಿ ಸಂಶೋಧನೆ ಅಂದ ಕೂಡಲೇ ಕಣ್ಮುಂದೆ ಬರೋದು ಬಿಳಿ ಕೋಟು, ಮೈಕ್ರೋಸ್ಕೋಪು. ನನಗೆ ನೆನಪಾಗೋದು ಒಂದು ಡೇಟಾಬೇಸ್. ಹೆಸರು ಓಪನ್‌ಎಂಆರ್‌ಎಸ್. ರೋಗಿಗಳ ದಾಖಲೆ ಇಡೋಕೆ ಜಾವಾದಲ್ಲಿ ಬರೆದ ಓಪನ್ ಸೋರ್ಸ್ ತಂತ್ರಾಂಶ. ಛತ್ತೀಸ್‌ಗಢದ ಗನಿಯಾರಿ ಆಸ್ಪತ್ರೆಗೆ ಅಂತ ಶುರುವಾದ ನಮ್ಮ ಬಾಹ್ಮ್ನಿ ನಿಂತಿರೋದೂ ಇದರ ಮೇಲೇ.

ಇದು ಮೊದಲು ಬಳಕೆಗೆ ಬಂದಿದ್ದು 2006ರಲ್ಲಿ, ಕೀನ್ಯಾದ ಎಲ್ಡೊರೆಟ್ ಊರಲ್ಲಿ. ಅಲ್ಲಿನ ಮೋಯ್ ವಿಶ್ವವಿದ್ಯಾಲಯ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಎರಡೂ ಸೇರಿ 2001ರಲ್ಲಿ ಆಂಪಾತ್ ಅನ್ನೋ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ಆರಂಭಿಸಿದ್ದವು. ವೈದ್ಯರು ಕಾಗದದ ಫಾರ್ಮ್ ತುಂಬಿದರೆ, ಡೇಟಾ ಎಂಟ್ರಿಯವರು ಅದನ್ನ ಕಂಪ್ಯೂಟರಿಗೆ ಹಾಕ್ತಿದ್ರು. ರೋಗಿಗಳ ಸಂಖ್ಯೆ ಸಾವಿರಗಳಲ್ಲಿ ಏರಿದಾಗ, ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದ್ದ ಹಳೇ ವ್ಯವಸ್ಥೆಗೆ ತಡೆಯೋಕಾಗಲಿಲ್ಲ.

ಹೊಸದರಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ 'ಕಾನ್ಸೆಪ್ಟ್ ಡಿಕ್ಷನರಿ'. ಸಿಡಿ4 ಎಣಿಕೆ, ತೂಕ, ಕೆಮ್ಮು ಇದೆಯಾ ಇಲ್ವಾ, ಹೀಗೆ ಪ್ರತಿಯೊಂದೂ ಟೇಬಲಿನ ಹೊಸ ಕಾಲಮ್ ಅಲ್ಲ, ನಿಘಂಟಿನಲ್ಲಿ ಒಂದು ನಮೂದು ಅಷ್ಟೇ. ನಾಳೆ ಹೊಸ ಪ್ರಶ್ನೆ ಕೇಳಬೇಕು ಅಂದ್ರೆ ಡೇಟಾಬೇಸ್ ರಚನೆ ಮುಟ್ಟಬೇಕಿಲ್ಲ, ಡೆವಲಪರ್‌ಗೆ ಕಾಯಬೇಕಿಲ್ಲ. (ಇಂಥ ವಿನ್ಯಾಸದಲ್ಲಿ ಕ್ವೆರಿ ಬರೆಯೋರ ಪಾಡು ಬೇರೆ, ಬಿಡಿ!) ತರಬೇತಿ ಪಡೆದ ಸ್ಥಳೀಯ ಸಿಬ್ಬಂದಿಯೇ ಆ ಕೆಲಸ ಮುಗಿಸಬಹುದು. ವಿಶ್ವವಿದ್ಯಾಲಯದ ಸಾಮರ್ಥ್ಯ ಅಂದ್ರೆ ನನ್ನ ಪ್ರಕಾರ ಇದೇ ಕಣ್ರೀ.

ಆದ್ರೆ ದಾಖಲೆ ಇದ್ದ ಮಾತ್ರಕ್ಕೆ ಸಂಶೋಧನೆ ಆಗಲ್ಲ. ರೋಗಿಯ ಒಪ್ಪಿಗೆ ಸರಿಯಾಗಿ ಪಡೆದಿದ್ದಾರಾ ಅಂತ ನೋಡೋ ನೈತಿಕ ಸಮಿತಿ ಬೇಕು, ಡೇಟಾ ಮ್ಯಾನೇಜರ್ ಬೇಕು. ಅನುದಾನದ ಲೆಕ್ಕ ಇಟ್ಟು, ಆಡಿಟ್‌ಗೆ ಉತ್ತರ ಕೊಡೋ ಕಚೇರಿಯೂ ಬೇಕು. ಈ ಕೊನೇದಕ್ಕೆ ಯಾರೂ ಪ್ರಶಸ್ತಿ ಕೊಡಲ್ಲ. ಅದು ಇಲ್ಲದ ಕಡೆ ಹಣ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿಂದ ಉಪ-ಅನುದಾನವಾಗಿ ಆಫ್ರಿಕಾ ತಲುಪುತ್ತೆ. ನಮ್ಮ ಐಟಿ ಭಾಷೆಲಿ ಹೇಳೋದಾದ್ರೆ ಸಬ್-ಕಾಂಟ್ರ್ಯಾಕ್ಟ್. ಕ್ಲೈಂಟ್ ಜತೆ ಮಾತಾಡೋರು ಒಬ್ಬರು, ಕೆಲಸ ಮಾಡೋರು ಇನ್ನೊಬ್ಬರು. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅನ್ನೋದು ಎಲ್ಲಿ ತೀರ್ಮಾನ ಆಗುತ್ತೆ ಅಂತ ನಿಮಗೇ ಗೊತ್ತಲ್ಲ?

2025ರಲ್ಲಿ ಈ ದಾರಿಗೇ ಪೆಟ್ಟು ಬಿತ್ತು. ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿಯಿತು. ಮೇ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್, ಹೊಸ ವ್ಯವಸ್ಥೆ ಬರೋವರೆಗೂ ವಿದೇಶಿ ಉಪ-ಅನುದಾನ ಹೊಸದಾಗಿ ಕೊಡಲ್ಲ ಅಂತು. ಹೊಸ ವ್ಯವಸ್ಥೆಯಲ್ಲಿ ವಿದೇಶಿ ಸಂಸ್ಥೆಗೆ ಅದರದ್ದೇ ಪ್ರತ್ಯೇಕ ಅನುದಾನ. ಕೇಳೋಕೆ ಚೆನ್ನಾಗಿದೆ. ಆದ್ರೆ ಲೆಕ್ಕ ಇಡೋ ಕಚೇರಿ ಗಟ್ಟಿ ಇದ್ದವರಿಗೆ ಮಾತ್ರ ಅದು ಬಾಗಿಲು, ಉಳಿದವರಿಗೆ ಗೋಡೆ.

ಹಾಗಾದ್ರೆ ಕಚೇರಿ ಕಟ್ಟೋಕೆ ದುಡ್ಡೆಲ್ಲಿದೆ? ಯೋಜನೆಯ ನೇರ ಖರ್ಚಿನ ಮೇಲೆ ಆಡಳಿತ ವೆಚ್ಚ ಅಂತ ಎನ್‌ಐಎಚ್ ವಿದೇಶಿ ಸಂಸ್ಥೆಗಳಿಗೆ ಬಹುಕಾಲ ಕೊಡ್ತಾ ಬಂದಿದ್ದು ಶೇ. 8. ಅಮೆರಿಕದ ಹಲವು ದೊಡ್ಡ ವಿಶ್ವವಿದ್ಯಾಲಯಗಳ ಒಪ್ಪಂದದ ದರ ಶೇ. 50ಕ್ಕೂ ಮೇಲೆ. ಅಕೌಂಟೆಂಟ್ ಸಂಬಳ, ಆಡಿಟ್, ಕರೆಂಟ್ ಬಿಲ್ಲು, ಕಟ್ಟಡದ ರಿಪೇರಿ, ಎಲ್ಲಾ ಆ ಎಂಟರಲ್ಲೇ ಆಗಬೇಕು.